ಜೋಳ ಸುರಿದ ಕೈ

ಮನಃಶಾಸ್ತ್ರ ಓದಿ ಹೊರಬರುವ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಹಳ್ಳಿಗಳಿಗೆ ಹೋಗಿ ಮಕ್ಕಳ ಪರೀಕ್ಷೆ ಮಾಡುವ ಮೊದಲು ಏನು ತಿಳಿದಿರಬೇಕು ಎಂದು ಕೇಳುತ್ತಾರೆ. ಕೊಡೆ ಒಯ್ಯಿರಿ, ಹೊಟ್ಟೆ ತುಂಬ ತಿಂದು ಹೋಗಿರಿ ಎಂದರೆ ಅವರಿಗೆ ಸಮಾಧಾನವಾಗುವುದಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಬೇಗ ಬರೆಯಲು ನನಗೆ ಆಗದು. ಕಣ್ಣಿಗೆ ಕಂಡದ್ದು ಯಾವುದು, ಕಂಡದ್ದರಿಂದ ನಾವು ಕಟ್ಟಿಕೊಂಡದ್ದು ಯಾವುದು ಎಂದು ಪ್ರತಿ ಸಾಲಿನಲ್ಲೂ ನಿಂತು ನೋಡುವ ಚಟ ಹತ್ತಿದೆ. ಆ ಚಟ ಹತ್ತಿದ್ದು ಗುಡಗೇರಿಯಲ್ಲಿ. ಅಲ್ಲಿ ಏಳು ವರ್ಷದ ಹುಡುಗಿಯೊಬ್ಬಳ ಶಾಲೆ ಒಂದು ಲೋಟ ಜೋಳದಲ್ಲಿ ಮುಳುಗಿಹೋಗುವುದರಲ್ಲಿತ್ತು. ಅದನ್ನು ನೆನೆದರೆ ಇಂದಿಗೂ ಭಯವಾಗುತ್ತದೆ, ಮರುಗಳಿಗೆ ನಗುವೂ ಬರುತ್ತದೆ.

ಎಂಬತ್ತರ ದಶಕದ ಮಾತು. ಧಾರವಾಡದಲ್ಲಿ ಒಂದು ಸಂಶೋಧನಾ ಯೋಜನೆಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಹುಟ್ಟಿನಿಂದ ಎಂಟು ವರ್ಷದವರೆಗೆ ಹಳ್ಳಿಯ ಮಕ್ಕಳ ಬುದ್ಧಿ ಹೇಗೆ ಬೆಳೆಯುತ್ತದೆ ಎಂದು ನೋಡುವುದು ಅದರ ಉದ್ದೇಶ. ಊರೂರು ತಿರುಗುವವರು ಇಬ್ಬರು, ನಾನು ಮತ್ತು ಮಹಾಂತೇಶ. ನಮ್ಮ ಬಳಿ ಒಂದು ತಗಡಿನ ಟ್ರಂಕು. ಅದರಲ್ಲಿ ಅಳತೆಯ ಪಟ್ಟಿ, ಕೂಸು ಆಡಿಸುವ ಗಿಲಕಿ, ಕಟ್ಟಿಗೆಯ ಚೌಕದ ತುಂಡುಗಳು, ಒಂದು ಕನ್ನಡಿ, ಹಿತ್ತಾಳೆಯ ಬಟ್ಟಲುಗಳು. ಆ ಟ್ರಂಕು ನೋಡಿ ಒಂದೂರಲ್ಲಿ ನಮ್ಮನ್ನು ಬಳೆಗಾರರೆಂದರು, ಇನ್ನೊಂದೂರಲ್ಲಿ ಜಾದೂ ಮಾಡುವವರೆಂದರು. ಹೆಚ್ಚಿನ ಕಡೆ ಸಂತಾನಹರಣ ಆಪರೇಷನ್ನಿನವರೆಂದು ತಿಳಿದು ಗಂಡಸರು ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಹೋಗಿಬಿಡುತ್ತಿದ್ದರು. ಹಾಗೆ ಹೋದದ್ದು ನಮಗೆ ಅನುಕೂಲವೇ ಆಯಿತು, ತಾಯಂದಿರು ಆರಾಮಾಗಿ ಮಾತಾಡುತ್ತಿದ್ದರು.

ಕುಬಿಹಾಳದಲ್ಲಿ ನಮ್ಮ ಕೆಲಸ ಕೂಸುಗಳ ತಲೆಯ ಸುತ್ತಳತೆ ತೆಗೆಯುವುದು. ಹುಟ್ಟಿದ ಮೊದಲೆರಡು ವರ್ಷಗಳಲ್ಲಿ ಮಿದುಳು ಬೆಳೆಯುವ ವೇಗ ಮುಂದೆ ಎಂದೂ ಇರುವುದಿಲ್ಲ. ಅದಕ್ಕೆ ಜಾಗ ಬೇಕೆಂದೇ ತಲೆಬುರುಡೆಯ ಎಲುಬುಗಳು ಕೂಡಿಕೊಳ್ಳದೆ ಕಾಯುತ್ತವೆ. ಕೂಸಿನ ನೆತ್ತಿಯ ಮೇಲೆ ಬೆರಳಿಟ್ಟರೆ ಮೆತ್ತಗೆ ಮಿಡಿಯುವುದು ಆ ಬಿಟ್ಟ ಜಾಗವೇ. ಆ ಊರಿನ ಮುದುಕಿಯೊಬ್ಬಳು ಮೊಮ್ಮಗನ ಅಳತೆ ತೆಗೆಯಲು ಕೂಡಲೇ ಒಪ್ಪಿದಳು. ಮುಂದಿನ ತಿಂಗಳು ಹೋದಾಗ ಕೆಂಪು ರೇಷ್ಮೆ ತುಂಡು ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು.

"ಅಳತಿ ತಗೊಂಡ ಹೋಗಿ ತಿಂಗಳಾತು. ಕುಲಾವಿ ಎಲ್ಲೈತ್ರಿ?"

ನಮ್ಮನ್ನು ಅವಳು ಕೂಸಿನ ಟೋಪಿ ಹೊಲಿಯುವ ದರ್ಜಿಗಳೆಂದು ತಿಳಿದಿದ್ದಳು. ಮಹಾಂತೇಶ ವಿವರಿಸಲು ಹೋದ. "ನಾವು ದರ್ಜಿಗಳಲ್ಲಬೇ ಯವ್ವಾ. ಮಿದುಳ ಎಷ್ಟ ಬೆಳದೈತಿ ಅಂತ ನೋಡತೇವಿ."

"ಮ್ಯಾಲೆ ಹಗ್ಗಾ ಸುತ್ತಿದ್ರ ಒಳಗಿನ ಮಿದುಳ ಕಾಣತೈತೇನೋ ತಮ್ಮಾ? ಹಂಗಾರ ನಿಂದು ಮದಲ ಅಳಸ್ಕೋ."

ಅವಳು ಕೇಳಿದ್ದು ಹುಚ್ಚು ಪ್ರಶ್ನೆಯಲ್ಲ. ದೊಡ್ಡ ತಲೆ ಎಂದರೆ ಹೆಚ್ಚು ಬುದ್ಧಿ ಎಂದೇನಲ್ಲ. ಒಂದೇ ಅಳತೆ ಏನನ್ನೂ ಹೇಳುವುದಿಲ್ಲ, ಇಂದಿನ ಅಳತೆಗೂ ಮುಂದಿನ ಅಳತೆಗೂ ನಡುವೆ ಆದ ಬೆಳವಣಿಗೆ ಹೇಳುತ್ತದೆ. ನಮ್ಮ ಕಚೇರಿಯಲ್ಲಿ ಎಲ್ಲರಿಗಿಂತ ದೊಡ್ಡ ತಲೆ ಮಹಾಂತೇಶನದೇ, ಹಾಗಾಗಿ ಈ ಸತ್ಯವನ್ನು ಒಪ್ಪಲು ಅವನಿಗೆ ಕಷ್ಟವಾಗುತ್ತಿತ್ತು. ಕಡೆಗೆ ನಮ್ಮ ಅತ್ತಿಗೆಯ ಕೈಯಿಂದ ಒಂದು ಕುಲಾವಿ ಹೊಲಿಸಿ ಒಯ್ದೆ. ಮುದುಕಿಗೆ ಬಲು ಸಂತೋಷವಾಯಿತು. ಎಷ್ಟು ಸಂತೋಷವೆಂದರೆ, ಆಮೇಲೆ ಕೂಸಿನ ತಲೆಯಿಂದ ಅದನ್ನು ತೆಗೆಯಗೊಡಲಿಲ್ಲ, ದೃಷ್ಟಿಯಾಗುತ್ತದೆ ಎಂದಳು. ಆ ಕೂಸಿನ ಅಳತೆ ಅಲ್ಲಿಗೇ ನಿಂತಿತು.

ತಂಬೂರದಲ್ಲಿ ಬೇರೆ ಕಥೆ. ಆಟಿಕೆ ಸಿಕ್ಕ ಮಕ್ಕಳು ಸಿಗದ ಮಕ್ಕಳಿಗಿಂತ ಬೇಗ ಕಲಿಯುತ್ತಾರೋ ಎಂದು ನೋಡಬೇಕಿತ್ತು. ಮೇಲಿನ ಓಣಿಯ ಮಕ್ಕಳಿಗೆ ಕಟ್ಟಿಗೆಯ ತುಂಡುಗಳನ್ನು ಕೊಟ್ಟೆವು, ಕೆಳಗಿನ ಓಣಿಗೆ ಕೊಡಲಿಲ್ಲ. ಕೊಡದ ಗುಂಪು ಇಲ್ಲದಿದ್ದರೆ ಕೊಟ್ಟ ಗುಂಪಿನಲ್ಲಿ ಕಂಡ ಬದಲಾವಣೆ ಆಟಿಕೆಯಿಂದ ಬಂತೋ ವಯಸ್ಸಿನಿಂದ ಬಂತೋ ತಿಳಿಯುವುದಿಲ್ಲ. ಪುಸ್ತಕದಲ್ಲಿ ಇದು ಒಂದು ಪುಟ. ತಂಬೂರದಲ್ಲಿ ಇದು ಜಗಳ. ಮುಂದಿನ ಸಲ ಹೋದಾಗ ಕೆಳಗಿನ ಓಣಿಯ ಪ್ರತಿ ಮನೆಯಲ್ಲೂ ತುಂಡುಗಳಿದ್ದವು, ನಮ್ಮವಕ್ಕಿಂತ ನುಣುಪಾಗಿದ್ದವು, ಬಣ್ಣ ಬೇರೆ ಹಚ್ಚಿತ್ತು. ಊರ ಬಡಿಗೇರನಿಗೆ ಹೇಳಿ ಮಾಡಿಸಿದ್ದರಂತೆ. ಒಬ್ಬ ತಾಯಿ ನನಗೆ ತೋರಿಸಿ ಅಂದಳು: "ನೀವು ಕೊಡಲಿಲ್ಲಂತ ನಮ್ಮ ಹುಡುಗರು ದಡ್ಡ ಆಗಬೇಕೇನ್ರಿ ಅಕ್ಕೋರ?" ಈಗ ಮೇಲಿನ ಓಣಿಯವರೇ ಬಣ್ಣದ ತುಂಡು ಬೇಕೆಂದು ಹಟ ಹಿಡಿದಿದ್ದರು.

ಇದನ್ನೆಲ್ಲ ಕೇಳಿ ನಮ್ಮ ಮುಖ್ಯಸ್ಥರಾದ ಕುಲಕರ್ಣಿ ಸರ್ ನಶ್ಯ ಏರಿಸಿದರು. ಅವರು ಒಳ್ಳೆಯ ವಿದ್ವಾಂಸರು, ಬಿಗಿ ಮನುಷ್ಯ. ಪರೀಕ್ಷೆಯ ಪ್ರಶ್ನೆಯಲ್ಲಿ ಒಂದಕ್ಷರ ಬದಲಿಸುವಂತಿರಲಿಲ್ಲ. "ಇಲ್ಲೊಂದು ಕೇಳಿ ಅಲ್ಲೊಂದು ಕೇಳಿದ್ರ ಎರಡೂ ಊರು ಹೋಲಿಸ್ಲಿಕ್ಕೆ ಬರ್ತದೇನು? ಕೇಳ್ರಿ, ಉತ್ತರ ತಗೋರಿ, ಮುಂದ ಹೋಗ್ರಿ. ಯಾಕ, ಹೆಂಗ, ಈ ಹರಟಿ ಬ್ಯಾಡ." ಅದರಲ್ಲಿ ತಪ್ಪಿರಲಿಲ್ಲ. ಪರೀಕ್ಷಕರ ಮುಖಭಾವ, ಒಂದು ಹೆಚ್ಚಿನ ಮಾತು, ತಲೆಯಾಡಿಸುವಿಕೆ, ಇವೆಲ್ಲ ಮಕ್ಕಳಿಗೆ ಸುಳಿವು ಕೊಡುತ್ತವೆ. ಆ ಭಯಕ್ಕೆ ನಾನು ಗೊಂಬೆಯ ಹಾಗೆ ಮುಖ ಬಿಗಿದು ಕೂರುತ್ತಿದ್ದೆ. ಕೆಲವು ಮಕ್ಕಳು ಅದನ್ನು ನೋಡಿಯೇ ಅಳುತ್ತಿದ್ದವು.

ಗುಡಗೇರಿಗೆ ನಾವು ಹೋದದ್ದು ಏಳು ವರ್ಷದ ಆಸುಪಾಸಿನ ಮಕ್ಕಳಿಗಾಗಿ. ಪರೀಕ್ಷೆ ಸರಳ. ಎರಡು ಒಂದೇ ಥರದ ಬಟ್ಟಲುಗಳಲ್ಲಿ ಸಮಸಮ ನೀರು ಹಾಕುವುದು, ಎರಡೂ ಸಮ ಎಂದು ಮಗು ಒಪ್ಪಬೇಕು. ಆಮೇಲೆ ಮಗುವಿನ ಎದುರಿಗೇ ಒಂದು ಬಟ್ಟಲಿನದನ್ನು ಎತ್ತರದ ಸಪೂರ ಗಾಜಿನ ಲೋಟಕ್ಕೆ ಸುರಿದು, ಈಗ ಎರಡೂ ಸಮವೇ, ಇಲ್ಲಾ ಒಂದರಲ್ಲಿ ಹೆಚ್ಚೋ ಕಡಿಮೆಯೋ ಎಂದು ಕೇಳುವುದು. ತೀರ ಚಿಕ್ಕ ಮಕ್ಕಳು ಲೋಟದ ಎತ್ತರ ನೋಡಿ ಹೆಚ್ಚಾಯಿತು ಎನ್ನುತ್ತಾರೆ. ಆರು ಏಳು ವರ್ಷದ ಹೊತ್ತಿಗೆ ಹೆಚ್ಚಿನವರು, ಸುಮ್ಮನೆ ಸುರಿದರೆ ಹೆಚ್ಚಾಗುವುದೆಲ್ಲಿಂದ, ಅಷ್ಟೇ ಇದೆ ಎನ್ನುತ್ತಾರೆ. ಕಣ್ಣಿಗೆ ಕಂಡದ್ದನ್ನು ಬುದ್ಧಿ ತಿದ್ದುವ ವಯಸ್ಸು ಅದು. ನಮ್ಮ ನೀರನ್ನು ಮಕ್ಕಳು ಕುಡಿದುಬಿಡುತ್ತಿದ್ದವು, ಬೇಸಿಗೆ ಬೇರೆ. ಅದಕ್ಕೆ ಸರ್ ನೀರಿನ ಬದಲು ಜೋಳ ಬಳಸಲು ಹೇಳಿದರು. ಮಕ್ಕಳಿಗೆ ಪರಿಚಿತ ವಸ್ತು ಎಂದು ಅವರಿಗೆ ಹೆಮ್ಮೆ. ಗುಡಗೇರಿ ಕಾಳಿನ ವ್ಯಾಪಾರದ ಊರು, ರೈಲು ಸ್ಟೇಷನ್ನಿನಿಂದ ಸಂತೆಯ ಬಯಲಿನವರೆಗೆ ಚೀಲಗಳೇ ಚೀಲಗಳು. ಪರಿಚಯ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಮೊದಲ ದಿನ ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ಒಬ್ಬ ಹೆಂಗಸು ನನ್ನನ್ನು ತಡೆದಳು. ನೀಲವ್ವ ಎಂದು ಹೆಸರು. ಅವಳ ಮಗಳು ಪಾರವ್ವ ಎರಡನೇ ಇಯತ್ತೆಯಲ್ಲಿದ್ದಳು.

"ಅಕ್ಕೋರ, ನಮ್ಮ ಮಾವಾರು ಈ ಹುಡುಗೀನ ಸಾಲಿ ಬಿಡಸ್ತೇನಿ ಅಂತಾರ. ಅಂಗಡ್ಯಾಗ ಚೀಲದ ಬಾಯಿ ಹಿಡ್ಯಾಕ ಒಬ್ರು ಬೇಕಂತ. ನಾ ಜಗಳಾ ತಗದೆ. ಕಡೀಕ ಏನಂದ್ರಂದ್ರ, ಧಾರವಾಡದಿಂದ ತಲಿ ನೋಡೋರು ಬರ್ತಾರ, ತಲಿ ಐತಿ ಅಂದ್ರ ಕಲೀಲಿ, ಇಲ್ಲಂದ್ರ ಬಿಡಸೂಣು."

ನಾವು ಫಲಿತಾಂಶವನ್ನು ಯಾರಿಗೂ ಹೇಳುವುದಿಲ್ಲ, ಇದು ಪಾಸು ನಪಾಸಿನ ಪರೀಕ್ಷೆಯಲ್ಲ ಎಂದೆ.

"ನೀವು ಹೇಳಬ್ಯಾಡ್ರಿ. ಅವರ ಬಂದು ನೋಡತಾರಂತ," ಅಂದಳು.

ಬಂದರು. ಮಾವ ರುದ್ರಪ್ಪ, ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ವಲ್ಲಿ ಬಟ್ಟೆ, ಸಂತೆಯಲ್ಲಿ ಜೋಳದ ವ್ಯಾಪಾರ. ತಾಪಕ್ಕೆ ಬಾಗಿಲು ತೆರೆದಿಟ್ಟಿದ್ದೆವು. ಅವರು ಹೊರಗೆ ಕಟ್ಟೆಯ ಮೇಲೆ ಕೂತರು. ಹುಡುಗಿಯ ಬೆನ್ನು ಅವರ ಕಡೆಗೆ, ನನ್ನ ಮುಖ ಅವರ ಕಡೆಗೆ.

ನಾನು ಕಂಡದ್ದು ಇಷ್ಟು. ಎರಡೂ ಬಟ್ಟಲು ಸಮ ಎಂದು ಪಾರವ್ವ ತಡಮಾಡದೆ ಒಪ್ಪಿದಳು. ನಾನು ಒಂದು ಬಟ್ಟಲಿನ ಜೋಳವನ್ನು ಲೋಟಕ್ಕೆ ಸುರಿದೆ. ಅವಳು ಲೋಟ ನೋಡಲಿಲ್ಲ, ನನ್ನ ಕೈ ನೋಡಿದಳು, ಆಮೇಲೆ ನನ್ನ ಸೆರಗು ನೋಡಿದಳು, ಆಮೇಲೆ ನೆಲ ನೋಡಿದಳು. ನಾನು ಪ್ರಶ್ನೆ ಕೇಳಿದೆ.

"ಕಡಿಮಿ ಆಗೈತ್ರಿ," ಎಂದಳು.

ಆ ದಿನ ಅವಳಿಗಿಂತ ಮುಂಚೆ ಬಂದ ಮಕ್ಕಳಲ್ಲೂ ಬಹಳಷ್ಟು ಮಂದಿ ಹೀಗೇ ಅಂದಿದ್ದರು. ಇದು ವಿಚಿತ್ರವೆಂದು ಆಗಲೇ ಅನಿಸಬೇಕಿತ್ತು. ಎತ್ತರದ ಲೋಟ ಕಣ್ಣಿಗೆ ಹೆಚ್ಚಾಗಿ ಕಾಣುತ್ತದೆ, ತಪ್ಪುವ ಮಗು ಹೆಚ್ಚು ಎಂದು ತಪ್ಪಬೇಕು. ಬೇರೆ ಯಾವ ಊರಿನಲ್ಲೂ ಮಕ್ಕಳು ಈ ದಿಕ್ಕಿಗೆ ತಪ್ಪಿರಲಿಲ್ಲ. ಆದರೆ ನಮ್ಮ ಪದ್ಧತಿಯಲ್ಲಿ ಹೆಚ್ಚು ಎಂದರೂ ತಪ್ಪು, ಕಡಿಮೆ ಎಂದರೂ ತಪ್ಪು. ಮುಖ ಬಿಗಿದು, ಆಯಿತು ಹೋಗಮ್ಮ ಎಂದೆ.

ಅಷ್ಟರಲ್ಲಿ ರುದ್ರಪ್ಪ ಎದ್ದು ಬಾಗಿಲಿಗೆ ಬಂದಿದ್ದರು. ಸಿಟ್ಟಿನ ಮುಖವಲ್ಲ, ನಾಚಿಕೆಯಾದ ಮುಖ.

"ಮೂರು ತಲಿಯಿಂದ ಕಾಳ ಅಳಿಯೂ ಮನಿತನ ನಮ್ದು," ಎಂದರು. "ಇದ್ದ ಕಾಳು ಅಷ್ಟ ಐತಿ. ಒಂದ ಕಾಳೂ ಕೆಳಗ ಬಿದ್ದಿಲ್ಲ. ಈ ಹುಡುಗಿ ಕಡಿಮಿ ಆತು ಅಂತೈತಿ. ನೀವೇನೂ ಹೇಳಬ್ಯಾಡ್ರಿ ಅಕ್ಕೋರ, ನಾ ಕಣ್ಣಾರೆ ಕಂಡೆ."

"ಯಜಮಾನ್ರ, ಒಂದ ಉತ್ತರದಾಗ ಏನೂ ತಿಳಿಯೂದಿಲ್ಲ," ಎಂದ ಮಹಾಂತೇಶ.

"ನಿಮಗ ತಿಳಿಯಂಗಿಲ್ಲ. ನನಗ ತಿಳೀತು. ನಡೀ ಬೇ ಪಾರಿ."

ಅವಳು ಪಾಟಿ ಚೀಲವನ್ನು ಎತ್ತಿಕೊಂಡು ಅಜ್ಜನ ಹಿಂದೆ ಹೋದಳು. ಬೇಲಿಯ ಹತ್ತಿರ ನಿಂತಿದ್ದ ನೀಲವ್ವ ನನ್ನ ಕಡೆ ನೋಡಿದಳು. ಆ ನೋಟಕ್ಕೆ ಅರ್ಥ ಹಚ್ಚಲು ನಾನು ಇಂದಿಗೂ ಹೋಗುವುದಿಲ್ಲ, ಆದರೆ ಅಂದು ಸಂಜೆ ಪ್ಯಾಸೆಂಜರ್ ಗಾಡಿಯಲ್ಲಿ ಧಾರವಾಡದವರೆಗೂ ಪಾರವ್ವನ ಉತ್ತರದ ಹಾಳೆಯನ್ನೇ ಮತ್ತೆ ಮತ್ತೆ ತೆಗೆದು ನೋಡಿದೆ. ಮಹಾಂತೇಶ ಕೂಡ ಅಂದು ಜೋಕು ಹೇಳಲಿಲ್ಲ.

ಮರುದಿನ ಕುಲಕರ್ಣಿ ಸರ್ ಎದುರು ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಏಳು ವರ್ಷದ ಹುಡುಗಿಗೆ ಇಷ್ಟು ತಿಳಿಯಲಿಲ್ಲವಲ್ಲ ಸರ್ ಎಂದೆ.

"ಒಂದ ನಿಮಿಷ," ಎಂದರು ಅವರು. "ಹುಡುಗಿ ಕಡಿಮಿ ಅಂದ್ಲು. ಅದು ನೀವು ಕೇಳಿದ್ದು. ಹುಡುಗಿಗೆ ತಿಳೀಲಿಲ್ಲ, ಇದನ್ನ ನಿಮಗ ಯಾರು ಹೇಳಿದ್ರು?"

ನಾನು ಟಿಪ್ಪಣಿ ಪುಸ್ತಕ ತೆರೆದು ಹುಡುಕತೊಡಗಿದೆ.

"ಕೈ ನೋಡಿದ್ಲು ಅಂದ್ರಿ. ಸೆರಗು ನೋಡಿದ್ಲು ಅಂದ್ರಿ. ಕಡಿಮಿ ಅಂತ ಯಾಕ ಅಂದ್ಲು? ಕೇಳಿದ್ರೇನು?"

"ಯಾಕ ಅಂತ ಕೇಳಬ್ಯಾಡ ಅಂತ ನೀವ ಹೇಳಿದ್ರಿ ಸರ್."

ಸರ್ ನಶ್ಯದ ಡಬ್ಬಿಯನ್ನು ತೆರೆದರು, ನಶ್ಯ ಏರಿಸದೆಯೇ ಮುಚ್ಚಿದರು. "ಹೌದು, ಹೇಳಿದ್ದೆ," ಎಂದರು. ಗೋಡೆಯ ಗಡಿಯಾರ ನೋಡಿ, "ಗುಡಗೇರಿ ಗಾಡಿ ಎಷ್ಟಕ್ಕ ಅದ?" ಎಂದರು.

ನಾವು ಹೋದ ದಿನ ಅಲ್ಲಿ ಸಂತೆ. ರುದ್ರಪ್ಪ ಜೋಳದ ರಾಶಿಯ ಹಿಂದೆ ಕೂತಿದ್ದರು, ಪಕ್ಕದಲ್ಲಿ ಪಾರವ್ವ ಚೀಲದ ಬಾಯಿ ಹಿಡಿದಿದ್ದಳು. ಶಾಲೆಗೆ ಬನ್ನಿ, ಇನ್ನೊಮ್ಮೆ ನೋಡೋಣ ಎಂದು ಸರ್ ವಿನಯದಿಂದ ಕೇಳಿದರು.

"ಒಮ್ಮಿ ನಾಚಿಕಿ ಆಗಿದ್ದು ಸಾಕ್ರಿ," ಎಂದರು ರುದ್ರಪ್ಪ. "ಸಂತಿ ಬಿಟ್ಟು ನಾ ಎಲ್ಲೂ ಬರಂಗಿಲ್ಲ."

"ಹಂಗಾರ ಇಲ್ಲೇ ಮಾಡೂಣು," ಎಂದು ಸರ್ ಧೋತರ ಎತ್ತಿ ಗೋಣಿಚೀಲದ ಮೇಲೆ ಕೂತುಬಿಟ್ಟರು. ಬಾಜು ಮೆಣಸಿನಕಾಯಿ ಮಾರುತ್ತಿದ್ದ ಕಲ್ಲವ್ವ ಎಂಬಾಕೆ, "ಏ ಕಾಕಾ, ಧಾರವಾಡದ ಮಾಸ್ತರು ನಿನ್ನ ಅಂಗಡ್ಯಾಗ ಗುಮಾಸ್ತಗಿರಿಗಿ ಬಂದಾರೇನ?" ಎಂದಳು. ಜನ ಕೂಡಿತು. ಪರೀಕ್ಷೆಗೆ ಶಾಂತವಾದ ಕೋಣೆ ಬೇಕೆಂದು ನಮಗೆ ಕಲಿಸಿದವರೇ ಸರ್.

ಮೊದಲು ಅಂದಿನ ಹಾಗೆಯೇ ಮಾಡಿದೆವು. ನಾನು ಸುರಿದೆ, ಕೇಳಿದೆ. ಪಾರವ್ವ ಅಜ್ಜನ ಮುಖ ನೋಡಿ ತಲೆ ತಗ್ಗಿಸಿ, "ಕಡಿಮಿ ಆಗೈತ್ರಿ," ಎಂದಳು.

"ಕೇಳ್ರಿ ಮತ್ತ," ಎಂದು ರುದ್ರಪ್ಪ ಮುಖ ತಿರುಗಿಸಿದರು.

"ಯಾಕವಾ? ಹೆಂಗ ಕಡಿಮಿ ಆತು?" ಎಂದು ಕೇಳಿದೆ. ಆ ಕೆಲಸಕ್ಕೆ ಸೇರಿದ ಮೇಲೆ ನಾನು ಬಾಯಿಬಿಟ್ಟು ಕೇಳಿದ ಮೊದಲ 'ಯಾಕೆ' ಅದು.

ಅವಳು ಮತ್ತೆ ಅಜ್ಜನನ್ನು ನೋಡಿದಳು. ಹೇಳು ಎಂದು ಸರ್ ಸನ್ನೆ ಮಾಡಿದರು.

"ಬಟ್ಟಲದಾಗ ಛಲೋ ಇತ್ತಲ್ರಿ," ಎಂದಳು. "ಮತ್ತ ಯಾಕ ಸುರುವಿದ್ರಿ? ಸುಮ್ಮಸುಮ್ಮನ ಯಾರೂ ಕಾಳ ಪಾತ್ರಿ ಬದಲಿ ಮಾಡಂಗಿಲ್ಲ. ಅಜ್ಜ ಹೇಳ್ಯಾನ, ಪಾತ್ರಿ ಬದಲಿ ಮಾಡೋರ ಕೈ ನೋಡು ಅಂತ. ಸಪೂರ ಲೋಟ ಯಾಕ ತಂದೀರಿ? ಹೆಚ್ಚ ಕಾಣಲಿ ಅಂತ ತಂದೀರಿ. ಹೆಚ್ಚ ಕಾಣೂಹಂಗ ಮಾಡ್ಯಾರಂದ್ರ ಒಳಗ ಕಡಿಮಿ ಮಾಡೇ ಮಾಡಿರ್ತಾರ."

ಕಲ್ಲವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ರುದ್ರಪ್ಪ ನಿಧಾನಕ್ಕೆ ಮುಖ ಈ ಕಡೆ ತಿರುಗಿಸಿದರು. ನಾನು ನನ್ನ ಸೆರಗನ್ನು ಝಾಡಿಸಿ ತೋರಿಸಬೇಕೆಂದುಕೊಂಡೆ, ತಡೆದುಕೊಂಡೆ.

ಸರ್ ಮಾತ್ರ ಇನ್ನೂ ಒಪ್ಪಲಿಲ್ಲ. "ಕೇಳ್ಲಿಕ್ಕೆ ಚಂದ ಅದ," ಎಂದರು ನನ್ನ ಕಡೆ ಬಾಗಿ. "ಆದ್ರ ಖರೇ ಕಾರಣ ಅದೇ ಅಂತ ಹೆಂಗ ಹೇಳ್ತೀರಿ? ಬರೇ ಒಂದನ್ನ ಬದಲ ಮಾಡ್ರಿ. ಜೋಳ ಅದೇ, ಬಟ್ಟಲು ಅದೇ, ಪ್ರಶ್ನಿ ಅದೇ. ಸುರುವೋ ಕೈ ಬದಲ ಮಾಡ್ರಿ."

ಎಳೆಯರೇ, ಪ್ರಯೋಗ ಎಂದರೆ ಇಷ್ಟೇ. ಉಳಿದೆಲ್ಲವನ್ನೂ ಹಾಗೆಯೇ ಇಟ್ಟು ಒಂದನ್ನು ಮಾತ್ರ ಬದಲಿಸಿ, ಉತ್ತರ ಬದಲಾಗುತ್ತದೋ ನೋಡುವುದು. ನಿಮ್ಮ ಪುಸ್ತಕ ಇದಕ್ಕೆ ಒಂದು ಅಧ್ಯಾಯ ಕೊಡುತ್ತದೆ. ನನಗೆ ಇದು ಅರ್ಥವಾದದ್ದು ಮೆಣಸಿನಕಾಯಿ ಘಾಟಿನಲ್ಲಿ ಸೀನುತ್ತಾ ಕೂತಾಗ.

ಜೋಳವನ್ನು ಮತ್ತೆ ಎರಡು ಬಟ್ಟಲಿಗೆ ಸಮ ಮಾಡಿದೆವು. ಪಾರವ್ವ ಸಮ ಎಂದಳು. ಬಟ್ಟಲನ್ನು ಅವಳ ಕೈಗೆ ಕೊಟ್ಟೆ. ಅವಳು ನಾಲಿಗೆಯ ತುದಿ ಕಚ್ಚಿಕೊಂಡು ಲೋಟಕ್ಕೆ ಸುರಿದಳು, ಬಟ್ಟಲಿನ ತಳಕ್ಕೆ ಅಂಟಿದ ಒಂದು ಕಾಳನ್ನು ಬೆರಳಿನಿಂದ ತಳ್ಳಿದಳು.

"ಈಗ ಹೇಳವಾ. ಎರಡೂ ಸಮ ಅದಾವೋ, ಒಂದರಾಗ ಹೆಚ್ಚೋ, ಕಡಿಮಿಯೋ?"

"ಸಮ ಅದಾವ್ರಿ."

"ಲೋಟದಾಗ ಎತ್ತರ ಕಾಣತೈತಲ್ಲ?"

"ಲೋಟ ಸಪೂರ ಐತಿ, ಅದಕ್ಕ ಕಾಣತೈತ್ರಿ. ನಾನ ಸುರುವೇನಲ್ರಿ, ಎಲ್ಲಿ ಹೋಗತಾವು ಕಾಳು?"

ಒಬ್ಬಳ ಮಾತು ಸಾಲದು ಎಂದು ಸರ್ ಶಾಲೆ ತಪ್ಪಿಸಿ ಸಂತೆಯಲ್ಲಿ ಓಡಾಡುತ್ತಿದ್ದ, ಹಿಂದೆ ನಮಗೆ ಕಡಿಮೆ ಎಂದಿದ್ದ ಬೇರೆ ಮಕ್ಕಳನ್ನೂ ಕರೆಸಿದರು. ಕೆಲವರಿಗೆ ಮೊದಲು ನಮ್ಮ ಕೈ, ಕೆಲವರಿಗೆ ಮೊದಲು ಅವರದೇ ಕೈ, ಕ್ರಮದಿಂದ ಸುಳಿವು ಸಿಗದಿರಲಿ ಎಂದು. ಕಲ್ಲವ್ವನ ಮಗನಿಗೂ ಸರದಿ ಬಂತು. ನಾವು ಸುರಿದರೆ ಕಡಿಮೆ, ತಾವು ಸುರಿದರೆ ಸಮ. ಹೆಚ್ಚುಕಡಿಮೆ ಎಲ್ಲರದೂ ಅದೇ ಮಾತು. ಮಹಾಂತೇಶ ಮೆಲ್ಲಗೆ, "ಸರ್, ಇವರ ಬುದ್ಧಿ ಅಳಿಯಾಕ ಬಂದಿದ್ವಿ, ಇವರು ನಮ್ಮ ನಿಯತ್ತು ಅಳದ್ರು," ಎಂದ. ಸರ್ ನಗಲಿಲ್ಲ, ಆದರೆ ಆ ವರ್ಷದಿಂದ ನಮ್ಮ ಪರೀಕ್ಷೆಯಲ್ಲಿ ಮಗುವಿನ ಕೈಯಿಂದಲೇ ಸುರಿಸುವುದೂ ಯಾಕೆ ಎಂದು ಕೇಳುವುದೂ ಕಡ್ಡಾಯವಾದವು.

ಇಷ್ಟಾದರೂ ರುದ್ರಪ್ಪನವರ ತೀರ್ಮಾನ ಇನ್ನೂ ಬಾಕಿ ಇತ್ತು. ನೀಲವ್ವ ಯಾವಾಗ ಬಂದಳೋ ನಾನು ನೋಡಲಿಲ್ಲ, ಜನರ ಹಿಂದೆ ರೊಟ್ಟಿಯ ಗಂಟು ಹಿಡಿದು ನಿಂತಿದ್ದಳು. ಅವಳ ಕಣ್ಣು ಮಾವನ ಮೇಲೆ. ನನ್ನದೂ. ಮಗುವಿಗೆ ಬುದ್ಧಿ ಇದೆ ಎಂದು ಸಾಬೀತಾದರೆ ಸಾಲದು, ಶಾಲೆಗೆ ಕಳಿಸುವುದು ಬಿಡುವುದು ಅವರ ಮಾತು.

ಅವರು ಬಟ್ಟಲನ್ನು ಕೈಗೆತ್ತಿಕೊಂಡರು. "ನೀ ಸುರುವಿದ್ರ ಸಮ. ಅಕ್ಕೋರು ಸುರುವಿದ್ರ ಕಡಿಮಿ," ಎಂದರು ಮೊಮ್ಮಗಳಿಗೆ. "ನಾ ಸುರುವಿದ್ರ?"

ಪಾರವ್ವ ಯೋಚಿಸಿದಳು. ಅಷ್ಟು ಹೊತ್ತಿನ ಪರೀಕ್ಷೆಯಲ್ಲಿ ಅವಳು ಯೋಚಿಸಿ ಉತ್ತರ ಕೊಡಬೇಕಾಗಿ ಬಂದದ್ದು ಇದೊಂದಕ್ಕೇ.

"ಮಾರಾಕೋ, ಕೊಳ್ಳಾಕೋ ಅಜ್ಜಾ?"

ಆ ನಗು ಸ್ಟೇಷನ್ನಿಗೆ ಕೇಳಿಸಿರಬೇಕು. ಸರ್ ಕೂಡ ನಕ್ಕರು, ನಶ್ಯದ ಡಬ್ಬಿ ಮಡಿಲಿನಿಂದ ಜೋಳಕ್ಕೆ ಬಿತ್ತು. ರುದ್ರಪ್ಪನವರ ಮುಖ ಮೊದಲು ಕೆಂಪಾಯಿತು. ಮೀಸೆಯ ಕೆಳಗೆ ಏನೋ ಅಲುಗಿತು. ಅವರು ಬಟ್ಟಲನ್ನು ಕೆಳಗಿಟ್ಟು ಸೊಸೆಯನ್ನು ಹುಡುಕಿ ನೋಡಿದರು.

"ನೀಲವ್ವಾ, ಇದನ್ನ ಇಲ್ಲಿಂದ ಕರ್ಕೊಂಡ ಹೋಗು. ಇದು ದಿನಾ ಇಲ್ಲೇ ಕುಂತ್ರ ನಾ ಅಂಗಡಿ ಮುಚ್ಚಬೇಕಾಕ್ಕೈತಿ. ನಾಳಿಯಿಂದ ಸಾಲಿಗಿ ಹೋಗಲಿ."

"ನಾಳಿ ಯಾಕ?" ಎಂದಳು ಪಾರವ್ವ. ಚೀಲದ ಬಾಯಿ ಬಿಟ್ಟು ಆಗಲೇ ಎದ್ದು ಲಂಗದ ಹೊಟ್ಟು ಝಾಡಿಸುತ್ತಿದ್ದಳು. "ಮಧ್ಯಾಹ್ನದ ಗಂಟಿ ಇನ್ನೂ ಹೊಡದಿಲ್ಲ."

ನೀಲವ್ವ ರೊಟ್ಟಿಯ ಗಂಟನ್ನು ಮಾವನ ಮುಂದಿಟ್ಟಳು. ತಾಯಿ ಮಗಳು ಇಬ್ಬರೂ ಶಾಲೆಯ ಕಡೆ ನಡೆದರು, ಮಗಳು ಮುಂದೆ. ನಾವು ಟ್ರಂಕು ಕಟ್ಟಲು ಶುರು ಮಾಡಿದೆವು. ಕೂಡಿದ್ದ ಜನ ಚದುರಿತು, ರುದ್ರಪ್ಪ ಅಳತೆಯ ಸೇರು ಎತ್ತಿ ಮುಂದಿನ ಗಿರಾಕಿಯನ್ನು ಕರೆದರು. ಬಂದವಳು ಕಲ್ಲವ್ವನೇ. ಖಾಲಿ ಚೀಲ ಹರವಿ ರಾಶಿಯ ಮುಂದೆ ಗಟ್ಟಿಯಾಗಿ ಕೂತಳು.

"ಅಳಿಯೂದು ನೀನ ಅಳಿ ಕಾಕಾ," ಎಂದಳು. "ಸುರುವೂದು ನಾ ಸುರುವತೇನಿ."